ಪ್ರತಿ ಬೆಟ್‌ಗೂ ಒಂದು ಕಾರಣ ಬೇಕು

ಪೋಕರ್ ಕಲಿಯಲು ಹೊರಟವರಿಗೆ ಮೊದಲ ದಿನಗಳಲ್ಲೇ ಸಿಗುವ ಬುದ್ಧಿಮಾತು ಒಂದೇ: ಹಿಂಜರಿಯಬೇಡ, ಮೇಲೆ ಬಿದ್ದು ಆಡು. ಆ ಮಾತು ಸುಳ್ಳಲ್ಲ. ಎದುರಾಳಿ ಕಟ್ಟಿದ್ದಕ್ಕೆಲ್ಲ ಸರಿಗಟ್ಟುತ್ತ ಕೂತವನಿಗೆ ಗೆಲ್ಲುವ ದಾರಿ ಒಂದೇ, ಕೊನೆಗೆ ಎಲೆ ಬಿಚ್ಚಿದಾಗ ಅವನದೇ ದೊಡ್ಡದಾಗಿರಬೇಕು. ತಾನೇ ಮುಂದಾಗಿ ಬೆಟ್ ಕಟ್ಟಿದವನಿಗೆ ದಾರಿ ಎರಡು: ಎಲೆ ದೊಡ್ಡದಾಗಿದ್ದರೂ ಗೆಲ್ಲುತ್ತಾನೆ, ಎದುರಿನವನು ಅಂಜಿ ಎಲೆ ಕೆಳಗಿಟ್ಟರೂ ಗೆಲ್ಲುತ್ತಾನೆ. ಟೆಕ್ಸಾಸ್‌ನ ಡಾಯ್ಲ್ ಬ್ರನ್ಸನ್ 1976 ಮತ್ತು 1977ರಲ್ಲಿ ಸತತ ಎರಡು ವರ್ಷ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯ ಗೆದ್ದರು. ಆಮೇಲೆ ಅವರು ಹೊರತಂದ ‘ಸೂಪರ್ ಸಿಸ್ಟಂ’ ಎಂಬ ಪುಸ್ತಕ ಒಂದಿಡೀ ತಲೆಮಾರಿಗೆ ಈ ಪಾಠ ಕಲಿಸಿತು. ಇಂದು ಬೆಂಗಳೂರಿನ ಯಾವುದೋ ಫ್ಲ್ಯಾಟಿನಲ್ಲಿ ಶನಿವಾರ ರಾತ್ರಿ ಸ್ನೇಹಿತರ ಜತೆ ಕೂತು ಆಡುವ ಹುಡುಗನೂ, ಆ ಪುಸ್ತಕದ ಹೆಸರು ಕೇಳಿರದಿದ್ದರೂ, ಅದರ ಸಾರವನ್ನು ಯಾರಿಂದಲೋ ಕೇಳಿ ನಂಬಿಕೊಂಡಿರುತ್ತಾನೆ.

ಹಾಗೆ ಬಾಯಿಂದ ಬಾಯಿಗೆ ಬರುವಾಗ ಪಾಠದ ಅರ್ಧ ಭಾಗ ಉದುರಿಹೋಗಿದೆ. ‘ಕಾರಣ ಇದ್ದಾಗ ಮುನ್ನುಗ್ಗು’ ಎಂಬುದರಲ್ಲಿ ‘ಮುನ್ನುಗ್ಗು’ ಮಾತ್ರ ಉಳಿದಿದೆ. ಮುನ್ನುಗ್ಗುವುದು ಒಮ್ಮೆ ಅಭ್ಯಾಸವಾಗಿ ಕೂತರೆ ಅದರಲ್ಲಿ ನಿರ್ಧಾರ ಎಂಬುದೇ ಇರುವುದಿಲ್ಲ, ಕೈ ತಾನಾಗಿ ಚಿಪ್ಸ್ ಕಡೆಗೆ ಹೋಗುತ್ತದೆ. ಇದನ್ನು ಧೈರ್ಯದ ಅತಿರೇಕ ಎಂದು ತಿಳಿಯುವುದರಿಂದಲೇ ತಿದ್ದಿಕೊಳ್ಳುವುದು ಕಷ್ಟವಾಗಿದೆ. ಧೈರ್ಯ ಹೆಚ್ಚಾಗಿದೆ ಎಂದುಕೊಂಡವನು ಅದನ್ನು ಕಡಿಮೆ ಮಾಡಲು ನಾಚುತ್ತಾನೆ. ನನಗೆ ಕಾಣುವುದು ಬೇರೆ. ಅತಿಯಾಗಿ ಮೇಲೆ ಬೀಳುವವನಲ್ಲಿ ಕೊರತೆಯಾಗಿರುವುದು ಕಾಯುವ ಶಕ್ತಿ, ಸುಮ್ಮನಿರುವ ಶಕ್ತಿ. ಆ ಕೊರತೆಗೆ ಮದ್ದು ಮೇಜಿನ ಮುಂದೆ ಕೂತು ಹಲ್ಲು ಕಚ್ಚುವುದರಲ್ಲಿ ಸಿಗದು. ಕಟ್ಟುವ ಪ್ರತಿ ಬೆಟ್‌ಗೂ ಕಾರಣ ಕೇಳುವ ರೂಢಿಯನ್ನು ಆಟಕ್ಕೆ ಮೊದಲೇ ಮತ್ತು ಆಟ ಮುಗಿದ ಮೇಲೆ ಬೆಳೆಸಿಕೊಳ್ಳಬೇಕು.

ಈ ಕಾರಣದ ಪ್ರಶ್ನೆ ಹೊಸದಲ್ಲ. ಗಣಿತಜ್ಞ ಜಾನ್ ವಾನ್ ನ್ಯೂಮನ್ ಅವರು ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗನ್‌ಸ್ಟರ್ನ್ ಜತೆ 1944ರಲ್ಲಿ ಪ್ರಕಟಿಸಿದ ಗೇಮ್ ಥಿಯರಿಯ ಗ್ರಂಥದಲ್ಲಿ ಪೋಕರ್‌ಗೆಂದೇ ಒಂದು ಭಾಗವಿದೆ. ಆಟವನ್ನು ಬಹಳ ಸರಳಗೊಳಿಸಿ ಅವರು ಲೆಕ್ಕ ಹಾಕಿದರು. ಬ್ಲಫ್ ಎಂಬುದು ಮನಸ್ಸಿನ ಚಪಲವಲ್ಲ, ಸರಿಯಾದ ಆಟದ ಅಗತ್ಯ ಭಾಗ ಎಂದು ಆ ಲೆಕ್ಕ ತೋರಿಸಿತು. ಎಲ್ಲರೂ ನೆನಪಿಟ್ಟುಕೊಂಡಿರುವುದು ಇಷ್ಟನ್ನೇ. ಅದೇ ಲೆಕ್ಕದ ಇನ್ನೊಂದು ಭಾಗ ನನಗೆ ಇದಕ್ಕಿಂತ ಮುಖ್ಯ. ಬೆಟ್ ಕಟ್ಟಬೇಕಾದದ್ದು ತೀರಾ ಒಳ್ಳೆಯ ಎಲೆಗಳಲ್ಲಿ ಮತ್ತು ತೀರಾ ಕೆಟ್ಟ ಎಲೆಗಳಲ್ಲಿ. ನಡುವಿನ ಎಲೆಗಳಲ್ಲಿ ಚೆಕ್ ಮಾಡಿ ಸುಮ್ಮನಿರಬೇಕು. ಯಾಕೆಂದರೆ ನಡುವಿನ ಎಲೆ ಹಿಡಿದು ಬೆಟ್ ಕಟ್ಟಿದರೆ ನಿಮಗಿಂತ ಚಿಕ್ಕ ಎಲೆಯವನು ಬಿಟ್ಟು ಹೋಗುತ್ತಾನೆ, ದೊಡ್ಡ ಎಲೆಯವನು ಉಳಿಯುತ್ತಾನೆ. ಗೆಲ್ಲಬಹುದಾಗಿದ್ದವನನ್ನು ಓಡಿಸಿ, ಸೋಲಿಸಲಾಗದವನಿಗೆ ಹಣ ಕೊಟ್ಟಂತೆ. ಅತಿ ಆಕ್ರಮಣದ ಅಭ್ಯಾಸ ಇರುವವರ ನಷ್ಟ ಹೆಚ್ಚಾಗಿ ಆಗುವುದು ಇಲ್ಲೇ. ಅವರ ದೊಡ್ಡ ಬ್ಲಫ್‌ಗಳ ಕಥೆ ಎಲ್ಲರೂ ಹೇಳುತ್ತಾರೆ. ಎರಡನೇ ದರ್ಜೆಯ ಜೋಡಿ ಹಿಡಿದು ಅವರು ಸುಮ್ಮನಿರಲಾಗದೆ ಕಟ್ಟಿದ ನೂರಾರು ಬೆಟ್‌ಗಳ ಲೆಕ್ಕ ಯಾರೂ ಇಟ್ಟಿರುವುದಿಲ್ಲ.

ಒಂದು ಕೈಯನ್ನು ಹತ್ತಿರದಿಂದ ನೋಡೋಣ. ಹೋಲ್ಡ್‌ಎಮ್ ಆಟ, ಒಬ್ಬೊಬ್ಬರಿಗೆ ಎರಡು ಗುಟ್ಟಿನ ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಎಲೆ ನೋಡುವ ಮೊದಲೇ ಇಬ್ಬರು ಕಟ್ಟಲೇಬೇಕಾದ ಬ್ಲೈಂಡ್ 10 ಮತ್ತು 20, ಎಲ್ಲರ ಮುಂದೆ 2,000 ಚಿಪ್ಸ್. ನಿಮ್ಮ ಕೈಯಲ್ಲಿ ಡೈಮಂಡಿನ ಎಕ್ಕ, ಕಳಾವರದ ರಾಜ. ನೀವು 60ಕ್ಕೆ ಏರಿಸುತ್ತೀರಿ, ಸರಿಯೇ. ದೊಡ್ಡ ಬ್ಲೈಂಡ್ ಸೇರಿ ಮೂವರು ಸರಿಗಟ್ಟುತ್ತಾರೆ, ಚಿಕ್ಕ ಬ್ಲೈಂಡ್ ಬಿಡುತ್ತಾನೆ. ಪಾಟ್‌ನಲ್ಲಿ 250. ಫ್ಲಾಪ್‌ನ ಮೂರು ಎಲೆ ಬೀಳುತ್ತವೆ: ಇಸ್ಪೀಟಿನ ಒಂಬತ್ತು, ಇಸ್ಪೀಟಿನ ಎಂಟು, ಆಟೀನಿನ ಆರು. ನಿಮಗೆ ಏನೂ ಕೂಡಲಿಲ್ಲ. ಆದರೆ ಏರಿಸಿದವರು ನೀವು, ಮೊದಲಿಂದಲೂ ಹಿಡಿತ ನಿಮ್ಮದು ಎಂಬ ಭಾವನೆ. ಕೈ 250ನ್ನು ಎಣಿಸಿ ಮುಂದೆ ತಳ್ಳುತ್ತದೆ.

ಈ ಬೆಟ್‌ಗೆ ಕಾರಣ ಏನು? ಎಲ್ಲರೂ ಬಿಡಲಿ ಎಂಬುದು. ಪಾಟ್‌ನಷ್ಟೇ ಬೆಟ್ ಕಟ್ಟಿದಾಗ ಬ್ಲಫ್ ಅರ್ಧದಷ್ಟು ಸಲವಾದರೂ ನಡೆಯಬೇಕು, ಇಲ್ಲವಾದರೆ ನಷ್ಟ. ಎದುರಿಗೆ ಒಬ್ಬನೇ ಇದ್ದರೆ ಅವನು ಎರಡರಲ್ಲಿ ಒಂದು ಸಲ ಬಿಟ್ಟರೂ ಸಾಕು. ಇಲ್ಲಿ ಮೂವರಿದ್ದಾರೆ. ಮೂವರೂ ಒಟ್ಟಿಗೆ ಬಿಡುವುದು ಅರ್ಧದಷ್ಟು ಸಲ ಆಗಬೇಕಾದರೆ ಒಬ್ಬೊಬ್ಬರೂ ಐದರಲ್ಲಿ ನಾಲ್ಕು ಸಲ ಬಿಡಬೇಕು. ಜೋಡಿಯಿಲ್ಲದ ಎರಡು ಎಲೆ ಹಿಡಿದವನಿಗೆ ಫ್ಲಾಪ್‌ನಲ್ಲಿ ಒಂದು ಜೋಡಿಯಾದರೂ ಕೂಡುವುದು ಸುಮಾರು ಮೂರರಲ್ಲಿ ಒಂದು ಸಲ. ಹಾಗಾಗಿ ಮೂವರಿಗೂ ಏನೂ ಕೂಡದೆ ಇರುವುದು ಹತ್ತರಲ್ಲಿ ಮೂರು ಸಲ ಮಾತ್ರ. ಅದೂ ಸಾಮಾನ್ಯ ಫ್ಲಾಪ್‌ನಲ್ಲಿ. ಒಂಬತ್ತು, ಎಂಟು, ಆರು, ಅದರಲ್ಲೂ ಎರಡು ಇಸ್ಪೀಟ್ ಬಿದ್ದಿರುವಾಗ ಸ್ಟ್ರೇಟ್‌ಗೋ ಫ್ಲಶ್‌ಗೋ ಕಾಯುವವರೂ ಸೇರಿಕೊಳ್ಳುತ್ತಾರೆ. ಉಳಿದ ಎರಡು ಎಲೆಗಳಲ್ಲಿ ಎಕ್ಕವೋ ರಾಜನೋ ಬಂದು ನಿಮ್ಮ ಜೋಡಿ ಆಗುವ ಸಾಧ್ಯತೆ 24% ಇದೆ, ನಿಜ. ಅದಕ್ಕೆ ಬೆಟ್ ಕಟ್ಟಬೇಕಾಗಿಲ್ಲ, ಚೆಕ್ ಮಾಡಿ ಪುಕ್ಕಟೆ ಎಲೆ ನೋಡಬಹುದಿತ್ತು.

ಒಬ್ಬ ಸರಿಗಟ್ಟುತ್ತಾನೆ. ಪಾಟ್ 750. ಟರ್ನ್‌ನಲ್ಲಿ ನಾಲ್ಕನೆಯ ಎಲೆಯಾಗಿ ಕಳಾವರದ ಎರಡು, ಯಾರಿಗೂ ಉಪಯೋಗವಿಲ್ಲದ ಎಲೆ. ಫ್ಲಾಪ್‌ನಲ್ಲಿ ಬಿಡದವನು ಈ ಎರಡು ನೋಡಿ ಯಾಕೆ ಬಿಟ್ಟಾನು? ಈ ಪ್ರಶ್ನೆ ಏಳುವ ಮೊದಲೇ ಇನ್ನೊಂದು 750 ಮುಂದೆ ಹೋಗಿದೆ. ಅವನು ಮತ್ತೆ ಸರಿಗಟ್ಟುತ್ತಾನೆ. ಪಾಟ್ 2,250, ನಿಮ್ಮ ಮುಂದೆ ಉಳಿದದ್ದು 940. ರಿವರ್‌ನಲ್ಲಿ ಕೊನೆಯ ಎಲೆಯಾಗಿ ಇಸ್ಪೀಟಿನ ಗುಲಾಮ. ಇಷ್ಟು ಹಾಕಿಯಾಗಿದೆ, ಈಗ ಬಿಡುವುದು ಹೇಗೆ ಎಂದು ಆಲ್ ಇನ್. ಎದುರಿನವನ ಮುಂದೆ ಈಗ 3,190 ಇದೆ, ಅದಕ್ಕೆ ಅವನು ಕೊಡಬೇಕಾದದ್ದು 940. ನಾಲ್ಕರಲ್ಲಿ ಒಂದು ಸಲ ಅವನ ಎಲೆ ದೊಡ್ಡದಾದರೂ ಅವನಿಗೆ ಲಾಭವೇ. ಮೊದಲಿದ್ದ 250ನ್ನು ಕಿತ್ತುಕೊಳ್ಳಲು ನೀವು ಒಡ್ಡಿದ್ದು ಒಟ್ಟು 1,940. ಈ ಮೂರು ಬೆಟ್‌ಗಳಲ್ಲಿ ಮೊದಲನೆಯದು ದುಬಾರಿ ಅಂದಾಜು ಅಷ್ಟೆ. ಎರಡನೆಯದಕ್ಕೂ ಮೂರನೆಯದಕ್ಕೂ ಹಿಂದಿನ ಬೆಟ್ ಬಿಟ್ಟರೆ ಬೇರೆ ಕಾರಣವೇ ಇರಲಿಲ್ಲ. ಅಭ್ಯಾಸ ಎಂದು ನಾನು ಕರೆಯುತ್ತಿರುವುದು ಇದನ್ನೇ.

ಇಂಥ ಅಭ್ಯಾಸ ಎಲ್ಲಿಂದ ಬರುತ್ತದೆ? ಸೋತ ಸಿಟ್ಟಿನಿಂದ ಎಂಬುದು ಸುಲಭದ ಉತ್ತರ. ಪೋಕರ್ ಆಡುವವರು ಅದಕ್ಕೆ ಟಿಲ್ಟ್ ಎನ್ನುತ್ತಾರೆ, ಅದರ ಮೇಲೆ ಪುಸ್ತಕಗಳೇ ಬಂದಿವೆ. ಡೇನಿಯಲ್ ಕಾಹ್ನೆಮನ್ ಮತ್ತು ಆಮೋಸ್ ಟ್ವೆರ್ಸ್ಕಿ 1979ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ತೋರಿಸಿದಂತೆ, ನಷ್ಟದಲ್ಲಿರುವ ಮನುಷ್ಯ ಅದನ್ನು ಒಪ್ಪಿಕೊಳ್ಳುವುದಕ್ಕಿಂತ ಇನ್ನೂ ದೊಡ್ಡ ಅಪಾಯಕ್ಕೆ ಕೈ ಹಾಕಲು ತಯಾರಾಗುತ್ತಾನೆ. ಸರಿ. ಆದರೆ ಸಿಟ್ಟು ಹೊರಗೆ ಕಾಣುತ್ತದೆ. ಮುಖ ಕೆಂಪಾಗುತ್ತದೆ, ಮಾತು ಬಿರುಸಾಗುತ್ತದೆ, ಪಕ್ಕದವರು ‘ಸ್ವಲ್ಪ ಎದ್ದು ಹೊರಗೆ ಹೋಗಿ ಬಾರೋ’ ಎನ್ನುತ್ತಾರೆ. ನನ್ನ ಮಟ್ಟಿಗೆ ಹೆಚ್ಚು ಅಪಾಯದ ಎರಡು ಮೂಲಗಳು ಬೇರೆ ಇವೆ, ಅವಕ್ಕೆ ಹೊರಗೆ ಗುರುತಿಲ್ಲ: ಬೇಸರ ಮತ್ತು ಗೆಲುವು.

ಬೇಸರ ಮೊದಲು. ಒಂಬತ್ತು ಜನ ಕೂತ ಮೇಜಿನಲ್ಲಿ ಕೈಯಿಂದ ಎಲೆ ಹಂಚಿದರೆ ಗಂಟೆಗೆ ಸುಮಾರು 30 ಕೈ ನಡೆಯುತ್ತದೆ. ಎಲೆ ನೋಡಿ ಆಡುವವನು ಅದರಲ್ಲಿ ಐದಾರು ಕೈ ಆಡಿಯಾನು. ಉಳಿದದ್ದೆಲ್ಲ ಬಿಟ್ಟು ಕೂರಬೇಕು. ಎಕ್ಕದ ಜೋಡಿ ಬರುವುದು 221 ಕೈಗೆ ಒಮ್ಮೆ, ಅಂದರೆ ಸರಾಸರಿ ಏಳು ಗಂಟೆಗೂ ಹೆಚ್ಚು ಹೊತ್ತು ಕಾಯಬೇಕು. ನಾವು ಟಿ.ವಿ.ಯಲ್ಲಿ ನೋಡಿದ ಪೋಕರ್‌ನಲ್ಲಿ ಈ ಕಾಯುವಿಕೆ ಇಲ್ಲ. ಗುಟ್ಟಿನ ಎಲೆ ತೋರಿಸುವ ಕ್ಯಾಮೆರಾ ಬಂದ ಮೇಲೆ, ಮುಖ್ಯವಾಗಿ 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್ ವರ್ಲ್ಡ್ ಸೀರೀಸ್ ಗೆದ್ದು 25 ಲಕ್ಷ ಡಾಲರ್ ಬಾಚಿಕೊಂಡ ಮೇಲೆ, ಈ ಆಟ ಜಗತ್ತಿನ ಮನೆಮನೆಗೆ ಹೋಯಿತು. ಆ ಕಾರ್ಯಕ್ರಮಗಳಲ್ಲಿ ಎಡಿಟ್ ಆಗಿ ಉಳಿದದ್ದು ಆಲ್ ಇನ್‌ಗಳು ಮತ್ತು ಬ್ಲಫ್‌ಗಳು. ಗಂಟೆಗಟ್ಟಲೆ ಎಲೆ ಬಿಟ್ಟದ್ದನ್ನೆಲ್ಲ ಕತ್ತರಿಸಿ ಹಾಕಿದ್ದರು. ಕೊನೆಯ ಹಣಾಹಣಿಯಲ್ಲಿ ಸ್ಯಾಮ್ ಫಾರ್ಹಾ ಎದುರು ಮನಿಮೇಕರ್ ಮಾಡಿದ ಬ್ಲಫ್ ನೋಡಿ ಆಟ ಕಲಿತವರು ಸಾವಿರಾರು ಮಂದಿ. ಹಾಗೆ ಕಲಿತವರಿಗೆ ಸುಮ್ಮನೆ ಕೂರುವುದು ಆಟದ ಭಾಗವೆಂದೇ ಅನಿಸುವುದಿಲ್ಲ, ಆಟದಿಂದ ಹೊರಗಿದ್ದಂತೆ ಅನಿಸುತ್ತದೆ.

ನಮ್ಮ ಕಡೆಯವರಿಗೆ ಇದರ ಜತೆ ಇನ್ನೊಂದು ಹೊರೆಯೂ ಇದೆ. ಹಳೇ ಮೈಸೂರು ಸೀಮೆಯಲ್ಲಿ ಯುಗಾದಿ ಬಂದರೆ ಇಸ್ಪೀಟು, ಬೇರೆ ಕಡೆ ದೀಪಾವಳಿಗೆ. ಚಿಕ್ಕಂದಿನಿಂದ ನೋಡಿದ್ದು ಅಂದರ್ ಬಾಹರ್. ಅದರಲ್ಲಿ ಆಟಗಾರ ಮಾಡುವುದು ಏನೂ ಇಲ್ಲ. ಎಲೆ ಈ ಕಡೆ ಬೀಳುತ್ತದೋ ಆ ಕಡೆಯೋ, ಅಷ್ಟೇ. ಅಲ್ಲಿ ಗಂಡಸುತನ ಎಂದರೆ ಎಷ್ಟು ಕಟ್ಟಿದ ಎಂಬುದು ಮಾತ್ರ. ತೀನ್ ಪತ್ತಿಯಲ್ಲಿ ನಿರ್ಧಾರಕ್ಕೆ ಜಾಗ ಇದೆ, ಆದರೆ ಅದರ ನಿಯಮವೇ ಹುಂಬತನಕ್ಕೆ ರಿಯಾಯಿತಿ ಕೊಡುತ್ತದೆ. ಎಲೆ ನೋಡದೆ ಬ್ಲೈಂಡ್ ಆಡುವವನು ಎಷ್ಟು ಹಾಕುತ್ತಾನೋ, ಎಲೆ ನೋಡಿದವನು ಕಡಿಮೆ ಎಂದರೂ ಅದರ ಎರಡರಷ್ಟು ಹಾಕಬೇಕು. ಕಣ್ಣು ಮುಚ್ಚಿ ನುಗ್ಗುವುದು ಅಲ್ಲಿ ಅಗ್ಗ, ಮೇಲಾಗಿ ಎದುರಿನವರಿಗೆ ಭಯ. ಪೋಕರ್‌ನಲ್ಲಿ ಈ ರಿಯಾಯಿತಿ ಇಲ್ಲ. ಎಲೆ ನೋಡದೆ ಏರಿಸಿದರೂ ನೋಡಿ ಏರಿಸಿದರೂ ಬೆಲೆ ಒಂದೇ. ತೀನ್ ಪತ್ತಿಯಲ್ಲಿ ಪಳಗಿ ಬಂದವರು ಪೋಕರ್ ಮೇಜಿಗೆ ಕೂತಾಗ ಆ ಹಳೆಯ ಕೈಚಳಕವನ್ನೇ ತರುತ್ತಾರೆ, ಅದು ಯಾಕೆ ಇಲ್ಲಿ ನಡೆಯುತ್ತಿಲ್ಲ ಎಂದು ತಿಳಿಯದೆ ಇನ್ನಷ್ಟು ಜೋರಾಗಿ ನುಗ್ಗುತ್ತಾರೆ. ಇದನ್ನು ಯಾರಾದರೂ ಅವರಿಗೆ ಮೊದಲೇ ಹೇಳಬೇಕಿತ್ತು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಇನ್ನು ಗೆಲುವು. ರಿಚರ್ಡ್ ಥೇಲರ್ ಮತ್ತು ಎರಿಕ್ ಜಾನ್ಸನ್ 1990ರಲ್ಲಿ ಬರೆದ ಪ್ರಬಂಧವೊಂದು ಹೇಳುವಂತೆ, ಈಗಷ್ಟೇ ಗೆದ್ದ ಹಣವನ್ನು ಮನುಷ್ಯ ತನ್ನದೆಂದು ಪೂರ್ತಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದನ್ನು ಒಡ್ಡಲು ಹೆಚ್ಚು ಸಡಿಲವಾಗುತ್ತಾನೆ. ಪೋಕರ್‌ನಲ್ಲಿ ಇದಕ್ಕಿಂತ ಆಳದ ಒಂದು ತೊಡಕೂ ಇದೆ. ಬ್ಲಫ್ ನಡೆದಾಗ ಎದುರಿನವನು ಎಲೆ ಮುಚ್ಚಿಯೇ ಬಿಸಾಡುತ್ತಾನೆ. ಅವನ ಕೈಯಲ್ಲಿ ಏನಿತ್ತು ಎಂದು ನಿಮಗೆ ಎಂದೂ ತಿಳಿಯುವುದಿಲ್ಲ. ಏನೂ ಇರಲಿಲ್ಲವಾದರೆ ಮೂರನೇ ಒಂದು ಭಾಗದ ಬೆಟ್‌ಗೂ ಅವನು ಬಿಡುತ್ತಿದ್ದ, ನೀವು ಅಷ್ಟು ಒಡ್ಡಬೇಕಾಗಿರಲಿಲ್ಲ. ನಿಮ್ಮ ಮನಸ್ಸು ಮಾತ್ರ ‘ನಾನು ಹೆದರಿಸಿದೆ, ಅವನು ಓಡಿದ’ ಎಂದು ಬರೆದಿಟ್ಟುಕೊಳ್ಳುತ್ತದೆ. ಇಂಥ ಚಿಕ್ಕ ಗೆಲುವುಗಳು ಮೇಲಿಂದ ಮೇಲೆ ಬರುತ್ತವೆ, ದೊಡ್ಡ ಸೋಲು ಅಪರೂಪಕ್ಕೆ ಬರುತ್ತದೆ. ಬಂದಾಗ ಅದರ ಹೊಣೆಯನ್ನು ರಿವರ್‌ನಲ್ಲಿ ಬಿದ್ದ ಎಲೆಯ ಮೇಲೆ ಹೊರಿಸಬಹುದು. ತಪ್ಪಿಗೆ ಹೀಗೆ ಬಹುಮಾನ ಕೊಡುತ್ತ ಹೋಗುವ ಆಟದಲ್ಲಿ ಅನುಭವ ಹೆಚ್ಚಿದಷ್ಟೂ ಅಭ್ಯಾಸ ಕೆಡುವುದು ಸಾಧ್ಯ. ಹತ್ತು ವರ್ಷ ಆಡಿದವರು ಮೊದಲ ವರ್ಷಕ್ಕಿಂತ ಹೆಚ್ಚು ಹುಂಬರಾಗಿರುವುದು ಇದರಿಂದಲೇ.

ಆದರೂ ದೊಡ್ಡ ಆಟಗಾರರು ನುಗ್ಗಿಯೇ ಗೆದ್ದವರಲ್ಲವೇ ಎಂದು ಕೇಳುವವರಿದ್ದಾರೆ. ಸ್ಟು ಉಂಗರ್ ಹೆಸರು ಆಗ ತಪ್ಪದೆ ಬರುತ್ತದೆ. 1980, 1981, ಮತ್ತೆ 1997, ಮೂರು ಸಲ ಮುಖ್ಯ ಪಂದ್ಯ ಗೆದ್ದ ಉಂಗರ್ ಅವರಷ್ಟು ಬಿಡದೆ ಒತ್ತುವ ಆಟ ಆಡಿದವರು ಕಡಿಮೆ. ಆದರೆ ಅವರು ಪೋಕರ್‌ಗೆ ಬಂದದ್ದು ಜಿನ್ ರಮ್ಮಿಯಿಂದ. ಬಿದ್ದ ಒಂದೊಂದು ಎಲೆಯನ್ನೂ ನೆನಪಿನಲ್ಲಿ ಹಿಡಿದು, ಎದುರಿನವನ ಕೈಯಲ್ಲಿ ಏನಿದೆ ಎಂದು ಹೇಳಿಬಿಡುತ್ತಿದ್ದ ಅವರ ಜತೆ ಕೊನೆಗೆ ಜಿನ್ ಆಡಲು ಜನವೇ ಸಿಗದಂತಾಯಿತು. ಅವರ ಒತ್ತಡದ ಹಿಂದೆ ಆ ಓದು ಇತ್ತು. ಅವರನ್ನು ಅನುಕರಿಸುವವರು ಒತ್ತಡವನ್ನು ತೆಗೆದುಕೊಂಡು ಓದನ್ನು ಬಿಟ್ಟಿದ್ದಾರೆ. ಅಷ್ಟು ಓದು ಇದ್ದ ಉಂಗರ್ ಅವರೇ ಮೇಜಿನಿಂದ ಎದ್ದ ಮೇಲೆ ಕುದುರೆ, ಕ್ರೀಡೆ ಎಂದು ಬೆಟ್ ಕಟ್ಟಿ, ಕೊಕೇನ್‌ಗೂ ಬಿದ್ದು ಗೆದ್ದದ್ದನ್ನೆಲ್ಲ ಕಳೆದರು. 1998ರಲ್ಲಿ ಲಾಸ್ ವೇಗಸ್‌ನ ಮೋಟೆಲೊಂದರಲ್ಲಿ ತೀರಿಕೊಂಡಾಗ ಅವರಿಗೆ 45 ವರ್ಷ. ಅವರನ್ನು ಮಾದರಿ ಎಂದು ಹುಡುಗರ ಮುಂದೆ ಇಡುವವರು ಈ ಎರಡನೇ ಭಾಗವನ್ನೂ ಹೇಳಬೇಕು.

1988ರ ಮುಖ್ಯ ಪಂದ್ಯದ ಕೊನೆಯ ಕೈಯನ್ನು ನಾನು ಇದಕ್ಕಿಂತ ದೊಡ್ಡ ಪಾಠವೆಂದು ಭಾವಿಸುತ್ತೇನೆ. ಹಿಂದಿನ ವರ್ಷದ ವಿಜೇತ ಜಾನಿ ಚಾನ್ ಎದುರು ಕೂತಿದ್ದವರು ಎರಿಕ್ ಸೈಡೆಲ್. ಚಾನ್ ಕೈಯಲ್ಲಿ ಗುಲಾಮ ಮತ್ತು ಒಂಬತ್ತು. ಫ್ಲಾಪ್‌ನಲ್ಲಿ ರಾಣಿ, ಹತ್ತು, ಎಂಟು ಬಿದ್ದು ಅವರಿಗೆ ಅಲ್ಲೇ ಸ್ಟ್ರೇಟ್ ಕೂಡಿತು. ಸೈಡೆಲ್ ಅವರದು ರಾಣಿಯ ಜೋಡಿ. ಇಬ್ಬರೇ ಉಳಿದ ಆಟದಲ್ಲಿ ಅದು ಸಣ್ಣ ಎಲೆಯಲ್ಲ. ಅಷ್ಟು ದೊಡ್ಡ ಎಲೆ ಕೂಡಿದ ಮೇಲೆ ಚಾನ್ ದೊಡ್ಡದಾಗಿ ಕಟ್ಟಬಹುದಿತ್ತು, ಕಟ್ಟಿದ್ದರೆ ಸೈಡೆಲ್ ಬಿಟ್ಟಿರಲೂಬಹುದಿತ್ತು. ಚಾನ್ ಕಾದರು. ರಿವರ್ ಬಂದ ಮೇಲೂ ಚೆಕ್ ಮಾಡಿ, ಏನೂ ಇಲ್ಲದವರಂತೆ ಕೂತರು. ಸೈಡೆಲ್ ಆಲ್ ಇನ್ ಹೋದರು. ಎರಡನೇ ವರ್ಷವೂ ಪಟ್ಟ ಚಾನ್‌ಗೆ. ಈ ದೃಶ್ಯವನ್ನು ‘ರೌಂಡರ್ಸ್’ ಸಿನಿಮಾದಲ್ಲಿ ಲಕ್ಷಾಂತರ ಜನ ನೋಡಿದ್ದಾರೆ. ನಾನು ಗಮನಿಸುವುದು ಅದರ ಆಮೇಲಿನದನ್ನು. ಅಂದು ಸೋತ ಸೈಡೆಲ್ ಮುಂದೆ ಹತ್ತು ವರ್ಲ್ಡ್ ಸೀರೀಸ್ ಬ್ರೇಸ್‌ಲೆಟ್ ಗೆದ್ದರು. ಮಾತು ಕಡಿಮೆ, ಆರ್ಭಟವಿಲ್ಲ, ಎದುರಿನವರು ಯಾರೆಂದು ನೋಡಿ ಆಟ ಬದಲಿಸುವವರೆಂದು ಹೆಸರಾದರು. ಮನೋವಿಜ್ಞಾನ ಓದಿದ ಲೇಖಕಿ ಮಾರಿಯಾ ಕೊನಿಕೋವಾ ಪೋಕರ್ ಕಲಿತು ಅದರ ಬಗ್ಗೆ ಪುಸ್ತಕ ಬರೆಯಬೇಕೆಂದಾಗ ಗುರುವಾಗಿ ಹುಡುಕಿಕೊಂಡು ಹೋದದ್ದು ಅವರನ್ನೇ.

ಕಾಯುವ ಶಕ್ತಿಗೆ ಕ್ರಿಕೆಟ್‌ನಲ್ಲಿ ಬೆಲೆ ಇದೆ. ರಾಹುಲ್ ದ್ರಾವಿಡ್ ಟೆಸ್ಟ್‌ಗಳಲ್ಲಿ 31,258 ಎಸೆತ ಎದುರಿಸಿದರು. ಆಫ್ ಸ್ಟಂಪಿನ ಹೊರಗಿನ ಚೆಂಡನ್ನು ಅವರು ಬಿಟ್ಟಾಗ ಅದನ್ನು ಹೇಡಿತನ ಎಂದವರನ್ನು ನಾನು ಕಂಡಿಲ್ಲ. ಪೋಕರ್ ಮೇಜಿನಲ್ಲಿ ಎಲೆ ಬಿಟ್ಟವನಿಗೆ ಆ ಗೌರವ ಇನ್ನೂ ಸಿಕ್ಕಿಲ್ಲ. ಸಿಗಬೇಕು.

ಆಕ್ರಮಣ ಕಡಿಮೆ ಮಾಡಿದರೆ ಆಟ ಸಪ್ಪೆಯಾಗುತ್ತದೆ, ಎದುರಿನವರು ನಮ್ಮ ಮೇಲೆ ಹತ್ತಿ ಕೂರುತ್ತಾರೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ತಿದ್ದಿಕೊಳ್ಳಲು ಹೊರಟವರಲ್ಲಿ ಅನೇಕರು ಮಾಡುವ ತಪ್ಪು ಇದು: ಬೆಟ್ ಕಟ್ಟುವುದನ್ನು ನಿಲ್ಲಿಸಿ, ಆ ಜಾಗದಲ್ಲಿ ಸರಿಗಟ್ಟುವುದನ್ನು ಹಿಡಿಯುತ್ತಾರೆ. ಪ್ರತಿ ಕೈಯಲ್ಲೂ ಪಾಲ್ಗೊಳ್ಳುವ ಚಪಲ ಹಾಗೇ ಉಳಿದು, ಗೆಲ್ಲುವ ಎರಡು ದಾರಿಗಳಲ್ಲಿ ಒಂದು ಮಾತ್ರ ಮುಚ್ಚಿಹೋಗುತ್ತದೆ. ಹುಂಬ ಆಟಕ್ಕಿಂತ ಅದು ಕೆಟ್ಟದ್ದು. ಕಾರಣವಿಲ್ಲದ ಬೆಟ್‌ನ ಜಾಗಕ್ಕೆ ಬರಬೇಕಾದದ್ದು ಚೆಕ್, ಚೆಕ್ ಮಾಡಲು ಅವಕಾಶವಿಲ್ಲದಿದ್ದರೆ ಫೋಲ್ಡ್, ಅಂದರೆ ಎಲೆ ಬಿಡುವುದು. ಇನ್ನು ಕೆಲವರು ಹೇಳುವುದುಂಟು, ಈಗ ಹುಚ್ಚನಂತೆ ಆಡಿದರೆ ಮುಂದೆ ಒಳ್ಳೆಯ ಎಲೆ ಬಂದಾಗ ನಂಬಿ ಹಣ ಹಾಕುತ್ತಾರೆ ಎಂದು. ನಿಜ. ಆದರೆ ಒಳ್ಳೆಯ ಎಲೆ ಬರುವ ತನಕ ಅಲ್ಲಿಂದ ಮುಂದೆ ಸುಮ್ಮನಿರಲು ಬಲ್ಲವನಿಗೆ ಮಾತ್ರ ಅದು ಫಲಿಸುತ್ತದೆ. ನಾನು ನೋಡಿದ ಮಟ್ಟಿಗೆ, ಈ ವಾದ ಮಾಡುವವರಿಗೆ ಆ ಬದಲಾವಣೆ ಮಾಡಲಾಗುವುದೇ ಇಲ್ಲ.

ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಇಲ್ಲಿ ನೆನಪಾಗುತ್ತದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಟುಮಾಸ್ ಸಾಂಡ್‌ಹೋಮ್ ಮತ್ತು ನೋಮ್ ಬ್ರೌನ್ ರೂಪಿಸಿದ ಇದು 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಾಲ್ವರು ವೃತ್ತಿಪರರ ವಿರುದ್ಧ 20 ದಿನ, 1,20,000 ಕೈ ಆಡಿ ಗೆದ್ದಿತು. ಅದು ಮೆತ್ತಗೆ ಆಡಿತು ಎಂದುಕೊಂಡರೆ ತಪ್ಪು. ಪಾಟ್‌ನ ಹಲವು ಪಟ್ಟು ದೊಡ್ಡ ಬೆಟ್‌ಗಳನ್ನು ಅದು ಕಟ್ಟಿ ಆ ನಾಲ್ವರನ್ನೂ ಕಂಗೆಡಿಸಿತ್ತು. ಆದರೆ ಅದರ ಒಂದೊಂದು ಬ್ಲಫ್ ಹಿಂದೆಯೂ ಅದೇ ಜಾಗದಲ್ಲಿ ಒಳ್ಳೆಯ ಎಲೆ ಹಿಡಿದು ಎಷ್ಟು ಸಲ ಕಟ್ಟುತ್ತೇನೆ ಎಂಬ ಅನುಪಾತ ಇತ್ತು. ಕೊನೆಯ ಸುತ್ತಿನಲ್ಲಿ ಪಾಟ್‌ನಷ್ಟೇ ಬೆಟ್ ಕಟ್ಟುವುದಾದರೆ ಎರಡು ಒಳ್ಳೆಯ ಎಲೆಗೆ ಒಂದು ಬ್ಲಫ್, ಅರ್ಧ ಪಾಟ್ ಆದರೆ ಮೂರಕ್ಕೆ ಒಂದು. ಇದನ್ನು ಮೀರಿ ಬ್ಲಫ್ ಮಾಡುವವನನ್ನು ಸೋಲಿಸಲು ಎದುರಿನವನಿಗೆ ಜಾಣತನ ಬೇಡ, ಪ್ರತಿ ಸಲವೂ ಸರಿಗಟ್ಟಿದರೆ ಸಾಕು. ಇನ್ನೊಂದು ವಿಷಯ ನನಗೆ ಇದಕ್ಕಿಂತ ಹೆಚ್ಚು ಹಿಡಿಸಿತು. ದಿನದ ಆಟ ಮುಗಿದ ಮೇಲೆ ರಾತ್ರಿಯಿಡೀ ಲಿಬ್ರಾಟಸ್ ತನ್ನ ಆಟದ ಯಾವ ತೂತುಗಳನ್ನು ಎದುರಾಳಿಗಳು ಅಂದು ಹುಡುಕಲು ಯತ್ನಿಸಿದರೋ ಅವನ್ನು ಲೆಕ್ಕ ಹಾಕಿ ಮುಚ್ಚಿಕೊಳ್ಳುತ್ತಿತ್ತು. ತಿದ್ದುಪಡಿ ನಡೆದದ್ದು ಮೇಜಿನಿಂದ ದೂರದಲ್ಲಿ.

ಮನುಷ್ಯರೂ ಅದನ್ನೇ ಮಾಡಬೇಕು. ಆಟದ ಬಿಸಿಯಲ್ಲಿರುವಾಗ ಸಂಕಲ್ಪಶಕ್ತಿಯನ್ನು ನಂಬುವುದು ವ್ಯರ್ಥ, ಅದು ತೀರಾ ಬಡವಾಗಿರುವ ಹೊತ್ತು ಅದೇ. ಆದ್ದರಿಂದ ಕೂರುವ ಮೊದಲೇ ಕೆಲವು ವಿಷಯ ಗೊತ್ತು ಮಾಡಿಕೊಂಡಿರಬೇಕು. ಎಷ್ಟು ಸೋತರೆ ಏಳುತ್ತೇನೆ ಎಂಬುದನ್ನು ಬಹಳ ಜನ ನಿಗದಿ ಮಾಡುತ್ತಾರೆ, ಒಳ್ಳೆಯದು. ದೊಡ್ಡ ಪಾಟ್ ಗೆದ್ದ ಕೂಡಲೇ ಐದು ನಿಮಿಷ ಎದ್ದು ಹೋಗುತ್ತೇನೆ ಎಂದು ನಿಗದಿ ಮಾಡಿದವರು ಕಡಿಮೆ. ಮೇಲೆ ಹೇಳಿದ ಕಾರಣಕ್ಕೆ ಅದು ಇನ್ನೂ ಅಗತ್ಯ. ಎರಡನೇ ಬೆಟ್‌ಗೆ ಮೊದಲ ಬೆಟ್ ಕಾರಣವಾಗಬಾರದು ಎಂಬುದು ಇನ್ನೊಂದು. ಟರ್ನ್‌ನಲ್ಲಿ ಬಿದ್ದ ಎಲೆ ಏನನ್ನಾದರೂ ಬದಲಿಸಿತೇ, ಬದಲಿಸಿದ್ದರೆ ಯಾರ ಪರವಾಗಿ ಎಂಬುದಕ್ಕೆ ಉತ್ತರ ಇಲ್ಲದಿದ್ದರೆ ಚೆಕ್.

ಮೇಜಿನಲ್ಲಿರುವಾಗ ಗಮನಿಸಬೇಕಾದದ್ದು ಕೈಯನ್ನು. ಮುನ್ನುಗ್ಗುವ ಅಭ್ಯಾಸ ಇರುವವರ ಬೆರಳುಗಳನ್ನು ನೋಡಿ. ಟರ್ನ್‌ನ ಎಲೆ ತಿರುಗುವ ಮೊದಲೇ ಅವರು ಚಿಪ್ಸ್ ಎಣಿಸಿ ಒಂದು ಕಂತೆ ಬೇರೆ ಮಾಡಿ ಹಿಡಿದಿರುತ್ತಾರೆ. ಅಂದರೆ ಯಾವ ಎಲೆ ಬರುತ್ತದೆ, ಎದುರಿನವನು ಏನು ಮಾಡುತ್ತಾನೆ ಎಂಬುದಕ್ಕೆ ಅವರ ನಿರ್ಧಾರದಲ್ಲಿ ಪಾತ್ರವೇ ಇಲ್ಲ. ಎಲೆ ಬಿದ್ದು, ತನ್ನ ಸರದಿ ಬಂದು, ಉಸಿರು ಒಮ್ಮೆ ಒಳಗೆ ಹೋಗಿ ಹೊರಗೆ ಬರುವವರೆಗೆ ಚಿಪ್ಸ್ ಮುಟ್ಟುವುದಿಲ್ಲ ಎಂಬ ಒಂದೇ ನಿಯಮ ಅನೇಕ ಉಪದೇಶಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಆ ಉಸಿರಿನಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡು. ನನ್ನದಕ್ಕಿಂತ ಚಿಕ್ಕ ಯಾವ ಎಲೆ ಇದಕ್ಕೆ ಸರಿಗಟ್ಟುತ್ತದೆ? ನನ್ನದಕ್ಕಿಂತ ದೊಡ್ಡ ಯಾವ ಎಲೆ ಇದಕ್ಕೆ ಬಿಡುತ್ತದೆ? ಎರಡಕ್ಕೂ ‘ಯಾವುದೂ ಇಲ್ಲ’ ಎಂದು ಬಂದರೆ ಆ ಬೆಟ್‌ಗೆ ಕಾರಣವಿಲ್ಲ. ಉತ್ತರ ಎದುರಿನವರ ಮೇಲೆ ನಿಂತಿದೆ ಎಂಬುದನ್ನೂ ಮರೆಯಬಾರದು. ಏನೇ ಆಗಲಿ ಕೊನೆಯ ತನಕ ನೋಡಿಯೇ ತೀರುತ್ತೇನೆ ಎನ್ನುವ ಸ್ನೇಹಿತನ ಮುಂದೆ ಬ್ಲಫ್‌ನ ಸರಿಯಾದ ಪ್ರಮಾಣ ಸೊನ್ನೆ.

ಮನೆಗೆ ಬಂದ ಮೇಲೆ ಒಂದು ಪುಸ್ತಕದಲ್ಲಿ ಬರೆದಿಡುವುದು ಹಲವರು ಮಾಡುವ ಕೆಲಸ. ಅವರು ಬರೆಯುವುದು ಸೋತ ಕೈಗಳನ್ನು. ಸೋತ ಕೈ ಹೇಗೂ ನೆನಪಿರುತ್ತದೆ, ಅದನ್ನು ಬರೆಯದಿದ್ದರೂ ನಡೆದೀತು. ಎಲೆ ತೋರಿಸದೆ ಗೆದ್ದ ಕೈಗಳನ್ನು ಬರೆಯಬೇಕು. ಅವನು ಯಾಕೆ ಬಿಟ್ಟ, ಇದಕ್ಕಿಂತ ಚಿಕ್ಕ ಬೆಟ್‌ಗೂ ಬಿಡುತ್ತಿದ್ದನೇ, ಬಿಡದಿದ್ದರೆ ಮುಂದಿನ ಎಲೆಯಲ್ಲಿ ನಾನು ಏನು ಮಾಡುವವನಿದ್ದೆ ಎಂದು. ಈ ಮೂರನೆಯ ಪ್ರಶ್ನೆಗೆ ಉತ್ತರ ಬರೆಯಲಾಗದ ಕೈಗಳು ಪುಟಪುಟಕ್ಕೂ ಸಿಕ್ಕಿದರೆ, ಗೆದ್ದ ರಾತ್ರಿಯಲ್ಲೂ ಅಭ್ಯಾಸವೇ ಆಡಿತು ಎಂದು ತಿಳಿಯುತ್ತದೆ.

ನಮ್ಮ ದೇಶದಲ್ಲಿ ಈ ಆಟದ ಪರವಾಗಿ ಮಾತಾಡುವವರು ನ್ಯಾಯಾಲಯಗಳಲ್ಲಿ ಒಂದೇ ವಾದ ಹೂಡುತ್ತ ಬಂದಿದ್ದಾರೆ: ಇದು ಕೌಶಲದ ಆಟ, ಜೂಜಲ್ಲ. ಕರ್ನಾಟಕ ಹೈಕೋರ್ಟ್ 2013ರಲ್ಲಿ ಕೌಶಲದ ಆಟವಾಗಿ ಆಡುವ ಪೋಕರ್‌ಗೆ ಲೈಸೆನ್ಸ್ ಬೇಡ ಎಂಬ ನಿಲುವು ತಳೆಯಿತು. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ರಾಜ್ಯ 2021ರಲ್ಲಿ ತಂದ ತಿದ್ದುಪಡಿಯನ್ನು 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. ಗುಜರಾತ್ ಹೈಕೋರ್ಟ್ 2017ರಲ್ಲಿ ಇದಕ್ಕೆ ತದ್ವಿರುದ್ಧವಾಗಿ ಪೋಕರ್ ಜೂಜೇ ಎಂದಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಕೌಶಲವೋ ಅದೃಷ್ಟವೋ ಎಂದು ನೋಡದೆ ಹಣದ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧದ ಅಡಿ ತಂದಿತು. ಕಾನೂನು ಏನೇ ಇರಲಿ, ಕೌಶಲ ಎಂಬ ವಾದಕ್ಕೆ ಆಟಗಾರನ ಮೇಲೂ ಒಂದು ಋಣ ಇದೆ. ಪೋಕರ್‌ನಲ್ಲಿ ಯಾವ ಎಲೆ ಬರುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ. ಬಂದ ಎಲೆಗೆ ಎಷ್ಟು ಒಡ್ಡಬೇಕು, ಯಾವಾಗ ಬಿಡಬೇಕು ಎಂಬಲ್ಲಿ ಮಾತ್ರ ಕೌಶಲಕ್ಕೆ ಜಾಗ. ಬಿಡುವುದನ್ನೇ ಮರೆತು ಎಲ್ಲ ಕೈಯಲ್ಲೂ ನುಗ್ಗುವವನು ಆ ಜಾಗವನ್ನು ಖಾಲಿ ಬಿಟ್ಟಿದ್ದಾನೆ. ಅವನು ಆಡುತ್ತಿರುವುದು ಅಂದರ್ ಬಾಹರ್, ಎಲೆಗಳ ಸಂಖ್ಯೆ ಮಾತ್ರ ಬೇರೆ.

ಇಷ್ಟನ್ನೆಲ್ಲ ನಾನು ಬರೆದದ್ದು ಅಭ್ಯಾಸದ ಬಗ್ಗೆ. ಚಟ ಬೇರೆ, ಅದಕ್ಕೆ ಈ ಮಾತುಗಳು ಸಾಲುವುದಿಲ್ಲ. ಕಳೆದದ್ದನ್ನು ಮರಳಿ ಪಡೆಯಲೆಂದು ಸಾಲ ಮಾಡಿ ಆಡುವುದು, ಎಷ್ಟು ಸೋತೆ ಎಂದು ಹೆಂಡತಿಗೋ ಗಂಡನಿಗೋ ಸುಳ್ಳು ಹೇಳುವುದು, ನಿಲ್ಲಿಸಬೇಕೆಂದು ಎಷ್ಟು ಸಲ ನಿರ್ಧರಿಸಿದರೂ ಆಗದಿರುವುದು, ಆಡದ ದಿನ ಮೈಮನಸ್ಸು ಚಡಪಡಿಸುವುದು, ಇವು ಕಂಡರೆ ಬೆಟ್‌ನ ಗಾತ್ರ, ಬ್ಲಫ್‌ನ ಅನುಪಾತ ಎಂದೆಲ್ಲ ಲೆಕ್ಕ ಹಾಕುತ್ತ ಕೂರಬಾರದು. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಜೂಜಿನ ಕಾಯಿಲೆಯನ್ನು ಮದ್ಯ, ಮಾದಕ ವಸ್ತುಗಳ ವ್ಯಸನದ ಸಾಲಿಗೇ ಸೇರಿಸಿತು. ಇದು ಚಿಕಿತ್ಸೆ ಇರುವ ಕಾಯಿಲೆ, ನಾಚಿಕೆಪಡುವ ವಿಷಯವಲ್ಲ. ಅಂಥವರಿಗೆ ಆಟ ಸುಧಾರಿಸಿಕೊಳ್ಳುವ ಸಲಹೆ ಕೊಡುವುದೇ ಹಾನಿ, ಇನ್ನೊಂದು ಸಲ ಕೂರಲು ಅದೊಂದು ನೆಪವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜತೆಗೆ ಕೂತು ಆಡುವ ಸ್ನೇಹಿತರಿಗೆ ಈ ಲಕ್ಷಣಗಳು ಮನೆಯವರಿಗಿಂತ ಮೊದಲೇ ಕಾಣುತ್ತವೆ. ಅಂಥವನು ಸುಲಭವಾಗಿ ಸೋಲುತ್ತಾನೆಂದು ಅವನನ್ನು ಮುಂದಿನ ಶನಿವಾರವೂ ಕರೆಯುವ ಬದಲು, ಆ ಸಂಜೆ ಆಟವನ್ನೇ ನಿಲ್ಲಿಸಿ ಅವನ ಜತೆ ಕೂತು ಮಾತಾಡುವ ಜವಾಬ್ದಾರಿ ಅವರದು.